ಹೊಸ್ತಿಲ ಮುಂದಿನ ತಗಡು

ನೀವು ಇದನ್ನು ನಂಬುವುದಿಲ್ಲ, ನನಗೆ ಗೊತ್ತು. ಕಾಲೇಜಿನಲ್ಲಿ ನನ್ನ ಬೆಂಚಿನವರೂ ನಂಬಲಿಲ್ಲ. ಕ್ಯಾಂಟೀನಿನಲ್ಲಿ ಎರಡೆರಡು ಸಲ ಹೇಳಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಪಫ್ಸನ್ನೂ ತಿಂದು ಮುಗಿಸಿ, ಕೊನೆಗೆ "ಬಿಡೇ, ಬರೀ ಬಂಡಲ್" ಎಂದರು. ಆದರೂ ಹೇಳುತ್ತೇನೆ. ಗೋವಿಂದರಾಜನಗರದ ನಮ್ಮ ಮನೆಯನ್ನು ಒಂದು ಪ್ರಳಯದಿಂದ ಒಬ್ಬಳೇ ಕಾಪಾಡಿದವಳು ನಾನು. ಪೂರ್ತಿ ಸಂಜೆಯೇನಲ್ಲ, ಸಂಜೆಯ ಬಹುಭಾಗ.

ಮೊದಲು ಮನೆಯ ವಿಷಯ. ನಮ್ಮ ತಾತ ಇದನ್ನು ಕಟ್ಟಿಸಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತಂತೆ. ಆಮೇಲೆ ಚುನಾವಣೆ ಬಂದಾಗಲೆಲ್ಲ ರಸ್ತೆಗೆ ಹೊಸ ಟಾರು ಬಿತ್ತು. ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕುವ ಪದ್ಧತಿ ನಮ್ಮ ಕ್ರಾಸಿನಲ್ಲಿಲ್ಲ. ಸೆಟ್ ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಪೇರಿಸುತ್ತಾರೆ. ಟಾರು ಏರಿದ ಹಾಗೆ ಮೆಟ್ಟಿಲು ಮುಳುಗುತ್ತ ಹೋಗಿ, ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ನಮ್ಮ ಮನೆಗೆ ಬರಬೇಕು. ಹೀಗೇ ನಡೆದರೆ ನನ್ನನ್ನು ನೋಡಲು ಬರುವ ಗಂಡಿನ ಕಡೆಯವರು ಏಣಿ ಇಳಿದು ಬರುತ್ತಾರೆ. ಜೊತೆಗೆ ನಮ್ಮದು ಇಳಿಜಾರು ರಸ್ತೆ. ಇಡೀ ವಿಜಯನಗರದ ಮೇಲೆ ಬಿದ್ದ ಮಳೆಯೆಲ್ಲ ಕೆಳಗಿನ ದೊಡ್ಡ ಮೋರಿಗೆ ಹೋಗುವ ಮುನ್ನ ನಮ್ಮ ಬಾಗಿಲಲ್ಲಿ ನಿಂತು, ಮನೆಯಲ್ಲಿ ಯಾರಿದ್ದಾರೆ ಎಂದು ಇಣುಕಿಯೇ ಹೋಗುತ್ತದೆ.

ಹೋದ ವರ್ಷ ಅದು ಇಣುಕಿ ಸುಮ್ಮನಾಗಲಿಲ್ಲ, ಒಳಗೇ ಬಂತು. ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಅಜ್ಜಿ ಎಂದರೆ ಅಪ್ಪನ ಅಮ್ಮ. ನಾನೂ ಅವಳೂ ಒಂದೇ ರೂಮು. ಎಚ್ಚರವಾಗಿ ಕಾಲು ಕೆಳಗಿಟ್ಟರೆ ನೆಲವಿಲ್ಲ, ನೀರು. ಅವಳ ಚಪ್ಪಲಿಗಳು ಅಕ್ಕತಂಗಿಯರ ಹಾಗೆ ಜೊತೆಜೊತೆಯಾಗಿ ಅಡುಗೆಮನೆ ಕಡೆಗೆ ತೇಲಿಕೊಂಡು ಹೋಗುತ್ತಿದ್ದವು. ಅವನ್ನು ಹಿಡಿಯಲು ಹೋಗಿ ಅಜ್ಜಿ ಜಾರಿ ಬಿದ್ದಳು. ಮೊಣಕಾಲು ಊದಿ ಹಲಸಿನ ಹಣ್ಣಾಯಿತು. ಅಂದಿನಿಂದ ಅವಳು ಮಹಡಿ ಮೆಟ್ಟಿಲು ಹತ್ತುವ ಹಾಗಿಲ್ಲ.

ಆ ರಾತ್ರಿ ಅಪ್ಪ ಊಟದ ತಟ್ಟೆಯ ಮುಂದೆ ಕೂತು ಅಜ್ಜಿಗೆ ಹೇಳಿಬಿಟ್ಟರು. "ನೋಡಮ್ಮ, ಇನ್ನೊಂದ್ ಸಲ ಈ ಮನೆ ಒಳಗೆ ಒಂದ್ ಹನಿ ನೀರ್ ಬಂದ್ರೂ ನಿನ್ನ ಕೆಂಗೇರಿಗೆ ಕಳಿಸ್ತೀನಿ. ಅಣ್ಣನ ಮನೇಲಿರು. ಆಮೇಲೆ ಅಳಬೇಡ, ಕರೀಬೇಡ."

ಕೆಂಗೇರಿಯಲ್ಲಿ ದೊಡ್ಡಪ್ಪನ ಫ್ಲಾಟು ಐದನೇ ಮಹಡಿಯಲ್ಲಿದೆ. ಲಿಫ್ಟಿದೆ, ಜನರೇಟರಿದೆ, ನೀರು ಅಷ್ಟು ಎತ್ತರಕ್ಕೆ ಬರಬೇಕೆಂದರೆ ಮೊದಲು ಅರ್ಧ ಬೆಂಗಳೂರು ಮುಳುಗಬೇಕು. ಅಜ್ಜಿ ಒಮ್ಮೆ ಅಲ್ಲಿ ಕೆಲವು ದಿನ ಇದ್ದು ಬಂದು ನನಗೆ ವರದಿ ಕೊಟ್ಟಿದ್ದಳು. "ಮನೆ ಚೆನ್ನಾಗೇ ಇದೆ ಕಣೇ. ಆದ್ರೆ ಹೊಸ್ತಿಲೇ ಇಲ್ಲ. ಬಾಗಿಲ ಕೆಳಗೆ ಒಂದ್ ಕಲ್ಲಿನ ಪಟ್ಟಿ ಇದೆ, ಅದ್ರ ಮೇಲೆ ರಂಗೋಲಿ ಸ್ಟಿಕ್ಕರ್ ಅಂಟಿಸಿದಾರೆ. ಬಾಗಿಲಂತೂ ಯಾವಾಗ್ಲೂ ಹಾಕೇ ಇರತ್ತೆ. ಲಕ್ಷ್ಮಿ ಬಂದ್ರೂ ಬೆಲ್ ಒತ್ಬೇಕು."

ಅಜ್ಜಿಗೆ ಹೋಗಲು ಇಷ್ಟವಿರಲಿಲ್ಲ. ನನಗೆ ಕಳಿಸಲು ಇಷ್ಟವಿರಲಿಲ್ಲ. ನನ್ನ ಕಾರಣಗಳು ಸರಳ: ನಾನು ಲೇಟಾಗಿ ಬಂದ ದಿನ "ಅವಳು ಆಗ್ಲೇ ಬಂದ್ಲಲ್ಲ" ಎಂದು ಅಮ್ಮನಿಗೆ ಹೇಳುವವರು ಬೇಕು. ಮತ್ತೆ, ಅವಳ ಗೊರಕೆ ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈ ಎರಡನೆಯದನ್ನು ಕ್ಯಾಂಟೀನಿನಲ್ಲಿ ಹೇಳಲಿಲ್ಲ.

ಹಾಗಾಗಿ ಈ ಸಲ ಮಳೆಗಾಲಕ್ಕೆ ಮುಂಚೆಯೇ ನಾನು ಮನೆಯ ವಿಪತ್ತು ನಿರ್ವಹಣಾ ಮಂತ್ರಿಯಾದೆ. ಯಾರೂ ನೇಮಿಸಲಿಲ್ಲ, ಮಂತ್ರಿಗಳು ಹಾಗೆ ಕಾಯುತ್ತ ಕೂರಬಾರದು.

ಮೊದಲು ಬ್ಯಾಗು. ನನ್ನ ಹೈಸ್ಕೂಲಿನ ಹಳೆಯ ಬ್ಯಾಗನ್ನು ಒಗೆದು, ಅಜ್ಜಿಯ ಬಿಪಿ ಮಾತ್ರೆ, ಇನ್ನೊಂದು ಜೊತೆ ಕನ್ನಡಕ, ಸ್ವೆಟರು, ಟಾರ್ಚು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಆಧಾರ್ ಕಾರ್ಡಿನ ಜೆರಾಕ್ಸು, ಒಂದು ಸೀಟಿ, ಎಲ್ಲ ತುಂಬಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ನೀರು ಬಂದರೆ ಅಜ್ಜಿ ಇದನ್ನು ತೆಗೆದುಕೊಂಡು, ದಿವಾನದ ಮೇಲೆ ಕಾಲು ಮಡಚಿ ಕೂತು ಸೀಟಿ ಊದಬೇಕು. ಅಷ್ಟೇ ಅವಳ ಕೆಲಸ. ಉಳಿದದ್ದೆಲ್ಲ ನಾನು. ಅಜ್ಜಿ ಬ್ಯಾಗು ಬಿಚ್ಚಿ ನೋಡಿದಳು.

"ತಿನ್ನಕ್ಕೇನಿದೆ ಇದ್ರಲ್ಲಿ?"

"ಗ್ಲೂಕೋಸ್ ಬಿಸ್ಕತ್ತು."

"ಪ್ರಳಯ ಆಗ್ತಿರೋವಾಗ ಬಿಸ್ಕತ್ತು ತಿಂತಾರೇನೇ? ಬಾಯಿಗೆ ರುಚಿಯಾಗಿ ಏನಾದ್ರೂ ಇಡು."

ಹೀಗೆ ಒಂದು ಡಬ್ಬಿ ಕೋಡುಬಳೆ ಒಳಗೆ ಸೇರಿತು. ಕೋಡುಬಳೆ ಮೆತ್ತಗಾಗಿಲ್ಲ ತಾನೆ ಎಂದು ಅಜ್ಜಿ ಪ್ರತಿ ಮಧ್ಯಾಹ್ನ ಪರೀಕ್ಷೆ ಮಾಡುತ್ತಿದ್ದಳು. ವಾರಕ್ಕೊಮ್ಮೆ ಹೊಸ ಡಬ್ಬಿ ಬೇಕಾಗುತ್ತಿತ್ತು. ಇಡೀ ಬೆಂಗಳೂರಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ತಪಾಸಣೆಗೊಳಗಾಗುವ ಎಮರ್ಜೆನ್ಸಿ ಬ್ಯಾಗು ಇನ್ನೊಂದು ಇರಲಿಕ್ಕಿಲ್ಲ.

ಆಮೇಲೆ ಮನೆ. ಫ್ರಿಜ್ಜಿನ ಸ್ಟ್ಯಾಂಡಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು; ಮೇಲಿನ ಖಾನೆಯ ಐಸ್ ತೆಗೆಯಲು ಈಗ ಒಂಟೆಯೇ ಬರಬೇಕು. ಬಚ್ಚಲ ತೂತಿನಿಂದಲೂ ನೀರು ಉಕ್ಕುತ್ತದೆ ಎಂದು ಹೋದ ವರ್ಷವೇ ಗೊತ್ತಾಗಿತ್ತು, ಅದಕ್ಕೆ ಹಾಲಿನ ಕವರುಗಳಲ್ಲಿ ಮರಳು ತುಂಬಿ ಕಟ್ಟಿಟ್ಟೆ. ರಬ್ಬರ್ ಚಪ್ಪಲಿ ಹಾಕಿಕೊಂಡು, ಒಣ ಕೈಯಲ್ಲಿ ಮೇನ್ ಸ್ವಿಚ್ ಆರಿಸುವುದನ್ನೂ, ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸುವುದನ್ನೂ ಅಪ್ಪ ಕಲಿಸಿಕೊಟ್ಟರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಅವರು ಮಾಲು ಪರೀಕ್ಷೆ ಮಾಡುವವರು. ಯಾರು ಏನು ಹೇಳಿದರೂ ಒಮ್ಮೆ ತಾವೇ ಮುಟ್ಟಿ ನೋಡದೆ ನಂಬುವುದಿಲ್ಲ. ಇಡ್ಲಿ ಬೆಂದಿದೆ ಎಂದರೂ ಒತ್ತಿ ನೋಡುತ್ತಾರೆ.

ಭಾನುವಾರಗಳಲ್ಲಿ ಡ್ರಿಲ್ ಮಾಡಿಸುತ್ತಿದ್ದೆ. "ನೀರು!" ಎಂದು ನಾನು ಕಿರುಚಿದರೆ ಅಜ್ಜಿ ಬ್ಯಾಗಿನ ಕಡೆ ಓಡಬೇಕು. ಅವಳು ಕನ್ನಡಿಯ ಕಡೆ ಹೋಗುತ್ತಿದ್ದಳು.

"ನೀರ್ ಬರ್ತಿರೋವಾಗ ಯಾರಾದ್ರೂ ತಲೆ ಬಾಚ್ಕೋತಾರಾ ಅಜ್ಜಿ?"

"ಬೋಟಲ್ಲಿ ಬಂದು ಕರ್ಕೊಂಡ್ ಹೋಗ್ತಾರೆ ಅಂದ್ಯಲ್ಲೇ. ಬೋಟ್ ಬಂದ್ರೆ ಟಿವಿಯೋರೂ ಬರ್ತಾರೆ."

ಅವಳು ಸೀಟಿ ಊದಿದರೆ ಮೇಲಿನ ರೂಮಿನ ಅಣ್ಣ ಓಡಿ ಬರುತ್ತಿದ್ದರು. ಮಹಡಿಯ ಮೇಲಿನ ಒಂಟಿ ರೂಮಿನಲ್ಲಿ ಬಾಡಿಗೆಗಿರುವ ಅವರದು ಬಿಜಾಪುರದ ಕಡೆ. ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾರೆ. ಮೊದಲ ಸಲ ಕಳ್ಳ ಬಂದಿದ್ದಾನೆಂದು ಹೆಲ್ಮೆಟ್ಟು ಹಿಡಿದುಕೊಂಡೇ ಇಳಿದು ಬಂದಿದ್ದರು.

"ಎಲ್ಲಿ ಅದಾನ್ರೀ ಅಜ್ಜಿ ಕಳ್ಳ?"

"ಕಳ್ಳ ಅಲ್ಲಪ್ಪ, ಪ್ರಳಯ. ಬಾ, ಕೋಡುಬಳೆ ತಗೋ."

ಇಷ್ಟೆಲ್ಲದರ ಮೇಲೆ ನನ್ನ ಕಿರೀಟಪ್ರಾಯವಾದ ಕೆಲಸವೆಂದರೆ ತಗಡು. ಮಾಗಡಿ ರಸ್ತೆಯ ಪಕ್ಕದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಪ್ಪನೊಡನೆ ನಿಂತು ಮಾಡಿಸಿದ್ದು. ಬಾಗಿಲ ಹೊರಗೆ, ಹೊಸ್ತಿಲ ಮುಂದೆ, ಎರಡೂ ಬದಿಗೆ ಸೀಳಿರುವ ಕಬ್ಬಿಣದ ಪಟ್ಟಿ ಕೂರಿಸಿ, ಆ ಸೀಳಿನೊಳಗೆ ಮೇಲಿನಿಂದ ಇಳಿಬಿಡುವ ಮೊಣಕಾಲೆತ್ತರದ ದಪ್ಪ ತಗಡು. ಎತ್ತಲು ಎರಡು ಹಿಡಿ. ಅಂಚಿಗೆಲ್ಲ ಲಾರಿ ಟ್ಯೂಬಿನ ರಬ್ಬರು. ಯೋಚನೆ ನನ್ನದು, ವೆಲ್ಡಿಂಗ್ ಅವರದು. ಅಣೆಕಟ್ಟು ಕಟ್ಟುವವರಿಗೂ ಹೀಗೇ ಅನಿಸುತ್ತಿರಬೇಕು.

ಅಜ್ಜಿ ಅದನ್ನು ನೋಡಿ ಮುಖ ಸಿಂಡರಿಸಿದಳು. ಅವಳು ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಎಳೆ ರಂಗೋಲಿ ಬಿಡುತ್ತಾಳೆ. ಅದನ್ನು ಯಾರೂ ತುಳಿಯುವ ಹಾಗಿಲ್ಲ, ಅದರ ಮೇಲೆ ಕೂರುವ ಹಾಗಿಲ್ಲ, ಅಲ್ಲಿ ನಿಂತು ಸೀನುವ ಹಾಗೂ ಇಲ್ಲ.

"ಹೊಸ್ತಿಲಿಗೆ ಅಡ್ಡ ತಗಡು ಹಾಕಿದ್ರೆ ಲಕ್ಷ್ಮಿ ಹೇಗೋ ಬರ್ತಾಳೆ?"

"ಕಾಲೆತ್ತಿ ದಾಟ್ಕೊಂಡ್ ಬರ್ತಾಳೆ ಬಿಡಮ್ಮ," ಎಂದರು ಅಪ್ಪ.

"ಸೀರೆ ಉಟ್ಕೊಂಡು?"

ಕೊನೆಗೆ ಮಳೆ ಬಂದಾಗ ಮಾತ್ರ ತಗಡು ಇಳಿಸುವುದು ಎಂದು ತೀರ್ಮಾನವಾಯಿತು. ಅಜ್ಜಿ ತಗಡಿಗೂ ಅರಿಶಿನ ಕುಂಕುಮ ಹಚ್ಚಿ ಸುಮ್ಮನಾದಳು. ಅವಳು ಒಪ್ಪಿದಳು ಎಂದುಕೊಂಡೆ. ಅವಳು ಸುಮ್ಮನಾಗಿದ್ದಳು ಅಷ್ಟೇ.

ಮಳೆ ಬಂದದ್ದು ಒಂದು ಗುರುವಾರ. ಅಮ್ಮ ತುಮಕೂರಿನ ತವರಿನಲ್ಲಿದ್ದಳು, ಅಪ್ಪ ಫ್ಯಾಕ್ಟರಿಯಲ್ಲಿ. ನಾನು ಕಾಲೇಜಿನಿಂದ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಆಕಾಶ ಬೋಂಡಾ ಬಾಣಲೆಯಷ್ಟು ಕಪ್ಪಾಗಿ, ಹನಿ ಹಾಕಲು ಶುರುವಾಯಿತು. ಹನಿ ಎಂದರೆ ಹನಿಯಲ್ಲ. ಒಂದೊಂದೂ ಒಂದೊಂದು ಲೋಟ. ಬಚ್ಚಲ ತೂತಿನ ಮೇಲೆ ಮರಳಿನ ಕವರು ಹೇರಿದೆ. ಗ್ಯಾಸ್ ಬಂದ್. ಮೇನ್ ಸ್ವಿಚ್ ಬಂದ್. ಹೊಸ್ತಿಲ ಮುಂದೆ ತಗಡು ಇಳಿಸಿ, ಮೇಲೆ ಹತ್ತಿ ಕುಣಿದು ಕೂರಿಸಿದೆ. ಇಷ್ಟೂ ಮುಗಿಯುವಷ್ಟರಲ್ಲಿ ಅಜ್ಜಿ ಇನ್ನೂ "ಮಳೆ ಬಂತೇನೇ?" ಎಂದು ಕೇಳುತ್ತಿದ್ದಳು.

ನೀರು ಏರಿತು. ಮೆಟ್ಟಿಲು ಮುಳುಗಿತು, ಬಾಗಿಲ ಮುಂದಿನ ರಂಗೋಲಿ ಮುಳುಗಿತು, ತಗಡಿನ ಮೇಲಿನ ಕುಂಕುಮ ಕರಗಿ ಕೆಂಪಾಗಿ ಹರಿಯಿತು. ನೀರು ತಗಡಿನ ಅಂಚಿಗೆ ಇನ್ನು ನಾಲ್ಕು ಬೆರಳಿರುವಾಗ ನಿಂತಿತು. ಒಳಗಡೆ ಹೊಸ್ತಿಲು ಒಣಗಿದ ಹಪ್ಪಳ. ನಾನು ಅದರ ಮೇಲೆ ಬೆರಳಾಡಿಸಿ, ಬೆರಳನ್ನು ಕ್ಯಾಮೆರಾಗೆ ತೋರಿಸಿ, ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. ಅಪ್ಪ ತಕ್ಷಣ ಫೋನ್ ಮಾಡಿದರು.

"ಒಂದ್ ಹನೀನೂ ಬಂದಿಲ್ವಾ?"

"ಇಲ್ಲಪ್ಪಾ! ನೋಡಿದ್ರಲ್ಲ!"

"ಭೇಷ್! ಅಜ್ಜೀನ ದಿವಾನದ ಮೇಲೆ ಕೂರ್ಸು. ನಾನು ಬರ್ತೀನಿ."

ನಾನು ಆಗಲೇ ಅಲ್ಲಿಗೆ ನಿಲ್ಲಿಸಿ ಅಜ್ಜಿಯ ಪಕ್ಕದಲ್ಲಿ ಕೂರಬೇಕಿತ್ತು. ಆದರೆ ಇಂಥ ದಿನ ಜೀವನದಲ್ಲಿ ಎಷ್ಟು ಬರುತ್ತವೆ? ಹಿಂಬಾಗಿಲ ಮೆಟ್ಟಿಲಿನಿಂದ ಮಹಡಿಗೆ ಹತ್ತಿ, ಮಳೆಗೆ ಕೆಲಸ ನಿಲ್ಲಿಸಿ ಕೂತಿದ್ದ ಡೆಲಿವರಿ ಅಣ್ಣನ ರೂಮಿನ ಮುಂದೆ ನಿಂತು ರಸ್ತೆಯ ವಿಡಿಯೋ ಮಾಡತೊಡಗಿದೆ. ನಮ್ಮ ಕ್ರಾಸು ಕಾವೇರಿಯಾಗಿತ್ತು. ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿ, ಮೇಲೊಂದು ಬಕೆಟ್ಟು ಕೂರಿಸಿಕೊಂಡು, ಮೆರವಣಿಗೆಯ ಹಾಗೆ ಸಾಗುತ್ತಿತ್ತು. "ಫ್ರೆಂಡ್ಸ್, ನನ್ನ ಹಿಂದೆ ನೋಡ್ತಿರೋದು ರಸ್ತೆ ಅಲ್ಲ, ನದಿ. ಆದ್ರೆ ನಮ್ಮನೇಲಿ ಒಂದು ಹನಿ..."

ಮಳೆ ತಗ್ಗಿತು. ಕತ್ತಲಾಗುತ್ತ ಬಂತು. ಆಗ ಕೆಳಗಿನಿಂದ ಸೀಟಿ ಕೇಳಿಸಿತು.

"ಇವತ್ತೂ ಡ್ರಿಲ್ ಐತೇನು ತಂಗೀ?" ಎಂದರು ಅಣ್ಣ.

ಇಬ್ಬರೂ ಓಡಿ ಇಳಿದೆವು.

ಮುಂಬಾಗಿಲು ಹಾರು ಹೊಡೆದಿತ್ತು. ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ತಗಡು ಗೇಣುದ್ದ ಮೇಲೆ ಸರಿದು, ಅದರ ಕೆಳಗಿನಿಂದ ಇಡೀ ಗೋವಿಂದರಾಜನಗರದ ನೀರು ನಮ್ಮ ಹಾಲಿಗೆ ನುಗ್ಗುತ್ತಿತ್ತು. ಅಜ್ಜಿ ದಿವಾನದ ಮೇಲೆ ಕಾಲು ಮಡಚಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಕೆನ್ನೆ ಉಬ್ಬಿಸಿ ಸೀಟಿ ಊದುತ್ತಿದ್ದಳು. ಡ್ರಿಲ್ಲಿನಲ್ಲಿ ಒಮ್ಮೆಯೂ ಅವಳು ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ತಲೆಯನ್ನೂ ಬಾಚಿಕೊಂಡಿದ್ದಳು.

"ಅಜ್ಜೀ! ತಗಡು ಯಾರ್ ಎತ್ತಿದ್ದು?"

"ನಾನೇ ಕಣೇ. ದೀಪ ಹಚ್ಚೋ ಹೊತ್ತು. ಆ ಹೊತ್ತಲ್ಲಿ ಬಾಗಿಲು ಹಾಕಿರ್ತಾರೇನೇ? ಸ್ವಲ್ಪ ಎತ್ತಿದ್ದು, ಲಕ್ಷ್ಮಿ ಬರೋವಷ್ಟು. ಲಕ್ಷ್ಮೀಗೆ ಅಂತ ಎತ್ತಿದ್ರೆ ಗಂಗೆ ನುಗ್ಗಿಬಿಟ್ಳು."

ಅಣ್ಣ ತಗಡಿನ ಮೇಲೆ ಎರಡೂ ಕಾಲಿಟ್ಟು ನಿಂತರು. ಅದು ಕೆಳಗಿಳಿಯಿತು. ಅಂಚಿನಲ್ಲಿ ಇನ್ನೂ ಸೋರುತ್ತಿದ್ದ ಸಂದಿಗೆ ನಾನು ಕೈಗೆ ಸಿಕ್ಕಿದ ಕಾಲೊರಸು ತುರುಕಿದೆ. ನೀರು ಒಳಗೆ ಬರುವುದು ನಿಂತಿತು. ಒಳಗೆ ಬಂದದ್ದು ಪಾದ ಮುಳುಗುವಷ್ಟಿತ್ತು.

"ಅಪ್ಪ ನೋಡಿದ್ರೆ ಕೆಂಗೇರಿ," ಎಂದೆ.

ಅಜ್ಜಿಯ ಮುಖ ಸಣ್ಣದಾಯಿತು. ಆ ಕ್ಷಣದವರೆಗೆ ಅವಳಿಗೆ ಅದು ಹೊಳೆದಿರಲಿಲ್ಲ. ಸೀಟಿಯನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿದಳು. "ನಿಮ್ಮಪ್ಪ ಎಲ್ಲಿದಾನೆ?"

ಫೋನ್ ಮಾಡಿದೆ. ಮಾಗಡಿ ರಸ್ತೆ ಜಾಮಾಗಿ ಅಪ್ಪನ ಬೈಕು ಸಿಕ್ಕಿಹಾಕಿಕೊಂಡಿತ್ತು. ಜೀವಮಾನದಲ್ಲಿ ಮೊದಲ ಸಲ ಬೆಂಗಳೂರಿನ ಟ್ರಾಫಿಕ್ಕಿಗೆ ಕೈ ಮುಗಿದೆ.

ಹೊರಗೆ ರಸ್ತೆಯ ನೀರು ಮೋರಿಯ ಕಡೆ ಸರಸರನೆ ಇಳಿಯುತ್ತಿತ್ತು. ಬಾಗಿಲ ಮುಂದೆ ನಿಂತದ್ದೂ ಪಕ್ಕದ ಚರಂಡಿಗೆ ಹರಿದು ಹೊಸ್ತಿಲಿಗಿಂತ ಕೆಳಗಾದ ಕೂಡಲೇ ತಗಡು ಎತ್ತಿ ಗೋಡೆಗೆ ಒರಗಿಸಿ, ಒಳಗಿನದನ್ನು ಹೊರಗೆ ತಳ್ಳತೊಡಗಿದೆವು. ಅಣ್ಣ ಪೊರಕೆಯಲ್ಲಿ, ನಾನು ಮೊರದಲ್ಲಿ. ಅಜ್ಜಿ ದಿವಾನದ ಮೇಲಿನಿಂದಲೇ ಮೇಸ್ತ್ರಿಯಾದಳು.

"ಅಲ್ಲಿ, ಬೀರು ಕೆಳಗೆ. ಸ್ಟ್ಯಾಂಡ್ ಹಿಂದೆ ಕಣಪ್ಪ, ಅಲ್ಲೇ, ಅಲ್ಲೇ."

"ಅಜ್ಜಿ, ನಾ ಒಂದ್ ಮಾತ್ ಹೇಳಲೇನ್ರಿ?" ಎಂದರು ಅಣ್ಣ ಸೊಂಟ ಹಿಡಿದುಕೊಂಡು. "ಅವ್ರಿಗೆ ಖರೇನೇ ಹೇಳಿಬಿಡ್ರಿ. ಮಗಾ ಅದಾರ, ಏನ್ ಗಲ್ಲಿಗೆ ಹಾಕ್ತಾರೇನು?"

"ಗಲ್ಲಿಗಲ್ಲಪ್ಪ, ಐದನೇ ಮಹಡಿಗೆ."

ನೆಲ ಒರೆಸಿ, ಹಿಂಡಿ, ಮತ್ತೆ ಒರೆಸಿದೆವು. ಗೋಡೆಯ ಕೆಳಗಿನ ಕೆಸರಿನ ಗೆರೆಯನ್ನು ನನ್ನ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಪರದೆಯ ಒದ್ದೆ ತುದಿಯನ್ನು ಮಡಚಿ ಪಿನ್ನು ಹಾಕಿದೆ. ವಾಸನೆಗೆ ಫಿನಾಯಿಲ್, ಫಿನಾಯಿಲ್ ವಾಸನೆಗೆ ಸಾಂಬ್ರಾಣಿ. ಕಾಲೊರಸನ್ನು ಬಚ್ಚಲಲ್ಲಿ ಹಿಂಡಿ ತಂದು ಬಾಗಿಲ ಒಳಗೆ ಅದರ ಜಾಗದಲ್ಲಿ ನೇರವಾಗಿ ಹಾಸಿದೆ. ಅಜ್ಜಿ ಇಳಿದು ಬಂದು ಹೊಸ್ತಿಲಿಗೆ ಮತ್ತೆ ಅರಿಶಿನ ಹಚ್ಚಿ ರಂಗೋಲಿ ಬಿಟ್ಟಳು. ಬ್ಯಾಗು ಮೊಳೆಗೆ ಹೋಯಿತು. ನಾನು ಹುಟ್ಟಿದಾಗಿನಿಂದ ನಮ್ಮ ಮನೆ ಇಷ್ಟು ಸ್ವಚ್ಛವಾಗಿದ್ದನ್ನು ಕಂಡಿರಲಿಲ್ಲ. ಅಣ್ಣ ಬೆನ್ನು ಹಿಡಿದುಕೊಂಡು ರೂಮಿಗೆ ಹತ್ತಿದರು.

"ಅಪ್ಪ ಕೇಳಿದ್ರೆ ಬಂದಿಲ್ಲ ಅನ್ನು, ಆಯ್ತಾ?"

"ದೀಪ ಉರೀತಿರೋವಾಗ ಸುಳ್ಳು ಹೇಳಲ್ಲ ಕಣೇ ನಾನು."

"ಹಂಗಾದ್ರೆ ಏನೂ ಹೇಳ್ಬೇಡ!"

ಅಜ್ಜಿ ಯೋಚಿಸಿದಳು. "ಸಹಸ್ರನಾಮ ಹೇಳ್ಕೋತಾ ಕೂತಿರ್ತೀನಿ. ಅದ್ರ ಮಧ್ಯೆ ಮಾತಾಡ್ಬಾರ್ದು."

ಬೈಕಿನ ಸದ್ದಾಯಿತು. ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು. ಅಪ್ಪ ಹೊರಗೇ ಶೂ ಬಿಚ್ಚಿ, ರೇನ್‌ಕೋಟು ಕೊಡವಿ, ಗೋಡೆಗೊರಗಿದ್ದ ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೇಲಂಚಿನ ಹತ್ತಿರ ಕೆಸರಿನ ಗೆರೆ ಮೂಡಿತ್ತು. ಬೆರಳಿಟ್ಟು ಅಳೆದರು.

"ಇಲ್ಲೀವರ್ಗೂ ಬಂದಿತ್ತಾ?"

"ಹೂಂ ಅಪ್ಪಾ."

ಅಲ್ಲಿಂದಲೇ ಒಳಗೆ ಇಣುಕಿ ನೆಲ ನೋಡಿದರು. ಮೇನ್ ಸ್ವಿಚ್ ಇನ್ನೂ ಬಂದ್; ಅವರ ಫೋನಿನ ಟಾರ್ಚಿನ ಬೆಳಕಿಗೆ ನೆಲ ಕನ್ನಡಿಯಾಗಿತ್ತು. ರಬ್ಬರನ್ನು ಒತ್ತಿ ನೋಡಿದರು. ಅವರ ಮುಖದಲ್ಲಿ ನಾನು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಕಾಣದ ನಗು ಕಂಡಿತು.

"ಪರ್ವಾಗಿಲ್ಲ ಕಣೇ. ಅಮ್ಮಾ, ನಿನ್ ಮೊಮ್ಮಗಳು ಗೆದ್ಲು. ಇನ್ಮೇಲೆ ಆರಾಮಾಗಿ ಇಲ್ಲೇ ಇರು."

ಅಜ್ಜಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮುಚ್ಚಿದಳು. ಸಹಸ್ರನಾಮದಲ್ಲಿ ಒಂದು ಸಣ್ಣ ರಾಗ ಸೇರಿಕೊಂಡಿತು.

ಅಪ್ಪ ಎದ್ದರು. ರಂಗೋಲಿ ತುಳಿಯದೆ ಹೊಸ್ತಿಲು ದಾಟಿ, ಬರಿಗಾಲನ್ನು ಕಾಲೊರಸಿನ ಮೇಲಿಟ್ಟರು.

ಪಚಕ್.

ಕಾಲೆತ್ತಿ ನೋಡಿದರು. ಮತ್ತೆ ಇಟ್ಟರು. ಪಚಕ್. ಬೆರಳುಗಳ ಸಂದಿಯಿಂದ ಕೆಂಪು ನೀರು ಉಕ್ಕಿ ನೆಲದ ಮೇಲೆ ಹರಿಯಿತು. ಬಗ್ಗಿ ಕಾಲೊರಸನ್ನು ಒಂದು ತುದಿಯಿಂದ ಎತ್ತಿ ಹಿಂಡಿದರು. ಒಂದು ತಂಬಿಗೆಯಷ್ಟು ಬಂತು. ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ಇದೊಂದನ್ನು ಮಾತ್ರ ಇದ್ದ ಹಾಗೆಯೇ ಹೇಳುತ್ತಿದ್ದೇನೆ.

ಅಪ್ಪ ನನ್ನನ್ನು ನೋಡಿದರು. ಆಮೇಲೆ ಅಜ್ಜಿಯನ್ನು. ಅಜ್ಜಿಯ ಸಹಸ್ರನಾಮ ಮೆಟ್ರೋ ವೇಗಕ್ಕೆ ಏರಿತ್ತು.

"ಅಮ್ಮಾ."

ನಿಂತಿತು. ಅಜ್ಜಿ ಕಣ್ಣು ತೆರೆಯದೆ ಹೇಳಿದಳು. "ದೀಪ ಹಚ್ಚಿದ ಮೇಲೆ ಮನೆ ಹೆಂಗಸು ಹೊಸ್ತಿಲು ದಾಟಲ್ಲ."

"ನಾಳೆ."

"ನಾಳೆ ಶುಕ್ರವಾರ. ಶುಕ್ರವಾರ ಯಾರಾದ್ರೂ ಕಳಿಸ್ತಾರೇನೋ?"

"ಸರಿ. ನಾಡಿದ್ದು."

"ಶನಿವಾರ ಮನೆ ಬದಲಾಯಿಸ್ಬಾರ್ದು ಅಂತ ನಿಮ್ಮಪ್ಪನೇ ಹೇಳ್ತಿದ್ರು."

"ಭಾನುವಾರ," ಎಂದರು ಅಪ್ಪ.

ಭಾನುವಾರದ ಬಗ್ಗೆ ಅಜ್ಜಿಗೆ ಏನೂ ಹೊಳೆಯಲಿಲ್ಲ. ನಾನೂ ಹುಡುಕಿದೆ, ನನಗೂ ಹೊಳೆಯಲಿಲ್ಲ.

ಅಪ್ಪ ಮೊಳೆಯಿಂದ ಬ್ಯಾಗು ಇಳಿಸಿ ದಿವಾನದ ಮೇಲಿಟ್ಟು, ಜಿಪ್ಪು ತೆಗೆದು, ಟಾರ್ಚಿನ ಬೆಳಕಿನಲ್ಲಿ ಒಂದೊಂದನ್ನೇ ಮುಟ್ಟಿ ನೋಡಿದರು. ಮಾತ್ರೆ, ಕನ್ನಡಕ, ಸ್ವೆಟರು, ಆಧಾರು. ಕೋಡುಬಳೆ ಡಬ್ಬಿಯನ್ನು ಅಲುಗಾಡಿಸಿ ನೋಡಿದರು, ಅದು ಖಾಲಿಯಾಗಿತ್ತು. ಬ್ಯಾಗಿಗೆ ವಾಪಸ್ಸು ಹಾಕಿ ಜಿಪ್ಪು ಎಳೆದು, ನನ್ನ ತಲೆಯ ಮೇಲೆ ಕೈಯಿಟ್ಟರು.

"ಎಲ್ಲಾ ಇದೆ," ಎಂದರು. "ಚೆನ್ನಾಗಿ ಜೋಡಿಸಿದೀಯ ಕಣೇ."